ಶಾಲೆಗೊಂದು ಹಳೆಯ ಲೇತ್ ಬೇಕು

ಕನ್ನಡದ ‘ಕಡೆ’ ಎಂಬ ಕ್ರಿಯಾಪದವನ್ನು ನಾವು ಮೂರು ಕೆಲಸಗಳಿಗೆ ಬಳಸುತ್ತೇವೆ. ಮನೆಯಲ್ಲಿ ಮೊಸರನ್ನು ಕಡೆಯುತ್ತೇವೆ. ಶಿಲ್ಪಿಯು ಕಲ್ಲನ್ನು ಕಡೆಯುತ್ತಾನೆ. ಬಡಗಿಯು ತೊಟ್ಟಿಲಿನ ಕಾಲನ್ನು ಕಡೆಯುತ್ತಾನೆ. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ನಂಟನ್ನು ತಿಳಿಯಬೇಕಾದರೆ ಹಳೆಯ ಕಾಲದ ತಿರುಗಣಿಯನ್ನು ನೆನೆಯಬೇಕು. ಕಡಗೋಲಿಗೆ ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆಯುವಂತೆಯೇ ಮರದ ತುಂಡಿಗೆ ಹಗ್ಗ ಸುತ್ತಿ ಒಬ್ಬನು ಎಳೆಯುತ್ತಿದ್ದನು. ಮತ್ತೊಬ್ಬನು ತಿರುಗುವ ಆ ಮರಕ್ಕೆ ಉಳಿಯನ್ನು ಒಡ್ಡಿ ದುಂಡಗೆ ಮಾಡುತ್ತಿದ್ದನು. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದಲ್ಲಿಯೂ, 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯದಲ್ಲಿಯೂ, ಬೇಲೂರಿನಲ್ಲಿಯೂ ನಿಂತಿರುವ ನುಣುಪಾದ ದುಂಡುಕಂಬಗಳನ್ನು ಕಂಡವರಿಗೆ ಈ ತತ್ತ್ವವನ್ನು ನಮ್ಮ ಹಿರಿಯರು ಮರದಿಂದ ಕಲ್ಲಿಗೆ ಒಯ್ದಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಇಂದಿಗೂ ಆಲೆಮರದ ತುಂಡನ್ನು ತಿರುಗಿಸಿ, ಅದಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಯಿಂದಲೇ ಅರಗು ಕರಗಿ ಹತ್ತುವಂತೆ ಮಾಡುತ್ತಾರೆ.

ಇಂದು ಲೇತ್ ಎಂದು ಕರೆಯಲ್ಪಡುವ ಯಂತ್ರವು ಈ ತಿರುಗಣಿಯ ವಂಶದ್ದೇ. ಲೇತಿನಲ್ಲಿ ವಸ್ತುವು ತಿರುಗುತ್ತದೆ, ಹತ್ಯಾರವು ತಿರುಗದೆ ಅದರ ಮೈಯನ್ನು ಸವರುತ್ತ ಸಾಗುತ್ತದೆ. ಅದರ ಜೊತೆಯ ಮಿಲ್ಲಿಂಗ್ ಯಂತ್ರದಲ್ಲಿ ಹತ್ಯಾರವು ತಿರುಗುತ್ತದೆ, ವಸ್ತುವು ಅದರ ಕೆಳಗೆ ಮೆಲ್ಲನೆ ಸರಿಯುತ್ತದೆ. ದುಂಡಾದುದೆಲ್ಲ ಹೆಚ್ಚಾಗಿ ಮೊದಲನೆಯದರ ಸೃಷ್ಟಿ; ಚಪ್ಪಟೆಯಾದುದು, ಹಲ್ಲುಳ್ಳದ್ದು, ಗಾಡಿ ಕೊರೆದದ್ದು ಎರಡನೆಯದರದು. ಓದುಗರು ಈ ಬೆಳಿಗ್ಗೆ ತಿರುಗಿಸಿದ ನಲ್ಲಿಯಿಂದ ಹಿಡಿದು ಊರಿಗೆ ಬಂದ ಬಸ್ಸಿನ ಅಚ್ಚಿನವರೆಗೆ ಇವೆರಡರ ಕೈ ಸೋಕದ ಲೋಹದ ವಸ್ತು ಅಪರೂಪ.

ಈ ಲೇಖನದಲ್ಲಿ ನಾನು ಮಂಡಿಸಬಯಸುವ ಅಭಿಪ್ರಾಯ ಇದು. ನಮ್ಮ ಪ್ರೌಢಶಾಲೆಯಲ್ಲಿ ಒಂದು ಲೇತ್ ಇರಬೇಕು. ಅದು ಕೈಯಿಂದ ನಡೆಸುವ ಹಳೆಯ ಮಾದರಿಯದಾಗಿರಬೇಕು. ಮತ್ತು ಅದನ್ನು ಉದ್ಯೋಗದ ತರಬೇತಿಗೆಂದು ಇಡದೆ ಹವ್ಯಾಸಕ್ಕೆಂದು ಇಡಬೇಕು. ಕೊನೆಯ ಮಾತಿಗೆ ದಾನಿಗಳಿಂದಲೂ ಉಪಾಧ್ಯಾಯರಿಂದಲೂ ಆಕ್ಷೇಪ ಬರುವುದೆಂಬುದನ್ನು ಬಲ್ಲೆ. ಬಡ ಮಕ್ಕಳು ಬಂದು ಓದುವ ಶಾಲೆಯಲ್ಲಿ ಹವ್ಯಾಸಕ್ಕೆ ಹಣ ಸುರಿಯುವುದುಂಟೆ ಎಂದು ಕೇಳುವವರ ಪ್ರಶ್ನೆ ನ್ಯಾಯವಾದುದೇ ಆಗಿದೆ. ಅದಕ್ಕೆ ಉತ್ತರ ಕೊಡುವ ಮೊದಲು ಈ ವಿದ್ಯೆಯು ಈಗ ಎಲ್ಲಿದೆ ಎಂಬುದನ್ನು ನೋಡೋಣ.

ಅದು ಇರುವುದು ನಮ್ಮ ತಾಲ್ಲೂಕು ಪಟ್ಟಣಗಳ ರಸ್ತೆಬದಿಯ ಸಣ್ಣ ಅಂಗಡಿಗಳಲ್ಲಿ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಒಂದು ಆರಡಿ ಲೇತ್, ಒಂದು ವೆಲ್ಡಿಂಗ್ ಸೆಟ್, ಕೆಲವೆಡೆ ಗೋಡೆಗೆ ಒತ್ತಿ ನಿಲ್ಲಿಸಿದ ಒಂದು ಶೇಪರ್. ಕಬ್ಬಿನ ಗಾಣದ ಅಚ್ಚು ಮುರಿದ ರೈತನು, ಪಂಪಿನ ಬುಷ್ ಸವೆದ ರೈತನು, ಹಿಟ್ಟಿನ ಗಿರಣಿಯ ಯಜಮಾನನು, ಎಲ್ಲರೂ ಮುರಿದ ಭಾಗವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅಲ್ಲಿಗೆ ಬರುತ್ತಾರೆ. ನಕ್ಷೆಯನ್ನು ಯಾರೂ ತರುವುದಿಲ್ಲ. ಟರ್ನರನು ಆ ತುಂಡನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡುತ್ತಾನೆ. ಅವನ ಮುಂದಿರುವುದು ಸವೆದ ಅಳತೆ. ಅವನಿಗೆ ಬೇಕಾದುದು ಸವೆಯುವುದಕ್ಕೆ ಮೊದಲಿದ್ದ ಅಳತೆ. ಬೇರಿಂಗ್ ಕುಳಿತಿದ್ದ ಗುರುತು, ಸೀಲಿನ ಅಂಚು ಮುಟ್ಟದ ಬೆರಳಗಲದ ಜಾಗ, ಜೊತೆಗೂಡುವ ಇನ್ನೊಂದು ಭಾಗದ ರಂಧ್ರ, ಇವುಗಳನ್ನು ಸಾಕ್ಷಿಗಳಂತೆ ಒಂದೊಂದಾಗಿ ಕರೆದು ಕೇಳಿ ಅವನು ಮೂಲ ಅಳತೆಯನ್ನು ನಿರ್ಧರಿಸುತ್ತಾನೆ. ಆಮೇಲೆ ಸವೆದೆಡೆ ವೆಲ್ಡಿಂಗಿನಿಂದ ಲೋಹವನ್ನು ತುಂಬಿ, ಲೇತಿಗೆ ಏರಿಸಿ, ಕೂದಲೆಳೆಗಿಂತ ಸಣ್ಣ ವ್ಯತ್ಯಾಸಕ್ಕೆ ತಂದು ನಿಲ್ಲಿಸುತ್ತಾನೆ. ಸಂಜೆಯೊಳಗೆ ಪಂಪು ಓಡಬೇಕು, ಇಲ್ಲವಾದರೆ ಪೈರು ಒಣಗುತ್ತದೆ. ಶಿಥಿಲವಾದ ಶಾಸನದ ಅಳಿಸಿದ ಅಕ್ಷರಗಳನ್ನು ಓದುವ ವಿದ್ವಾಂಸರಿಗೆ ನಾವು ಶಾಲು ಹೊದಿಸುತ್ತೇವೆ. ಟರ್ನರನ ಓದು ಅದಕ್ಕಿಂತ ಬಹಳ ಬೇರೆಯದೆಂದು ನನಗೆ ತೋರುವುದಿಲ್ಲ.

ಆದರೆ ಈ ವಿದ್ಯೆ ಬರಹಕ್ಕೆ ಇಳಿದಿಲ್ಲ. ಅಂಗಡಿಯ ಹುಡುಗನು ಮೂರು ವರ್ಷ ಲೇತಿನ ಕೆಳಗೆ ಬಿದ್ದ ಸುರುಳಿಗಳನ್ನು ಗುಡಿಸಿ, ಚಹಾ ತಂದು, ಬೈಗುಳ ತಿಂದು, ನೋಡಿ ನೋಡಿ ಕಲಿಯುತ್ತಿದ್ದನು. ಇಂದು ಹಾಗೆ ಕಲಿಯಲು ಬರುವವರು ಕಡಮೆಯಾಗಿದ್ದಾರೆ; ಬರಬೇಕೆಂದು ನಾನೂ ಹೇಳಲಾರೆ, ಏಕೆಂದರೆ ಆ ವಯಸ್ಸಿನ ಮಗುವು ಇರಬೇಕಾದುದು ಶಾಲೆಯಲ್ಲಿ. ಹಾಗಾದರೆ ಆ ಮಗುವು ಬಂದು ಸೇರಿದ ಶಾಲೆಯಲ್ಲಿ ಆ ವಿದ್ಯೆಗೆ ಜಾಗವಿದೆಯೆ? ಇಂಥ ಸಂಪುಟಗಳಲ್ಲಿ ಕಾಯಕದ ಮಾತನ್ನು ಎತ್ತುವುದು ಸುಲಭ. ಎತ್ತಿ ಅಲ್ಲಿಗೇ ಬಿಡುವುದು ಇನ್ನೂ ಸುಲಭ.

ಹವ್ಯಾಸದ ಮಾತಿಗೆ ಬರೋಣ. ಇಂಗ್ಲೆಂಡಿನಲ್ಲಿ 1898ರಲ್ಲಿ ಪರ್ಸಿವಲ್ ಮಾರ್ಷಲ್ ಎಂಬವರು ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಹಗಲೆಲ್ಲ ಲೆಕ್ಕ ಬರೆದೋ ಪಾಠ ಹೇಳಿಯೋ ಬಂದು, ರಾತ್ರಿ ಹಿತ್ತಲಿನ ಗೂಡಿನಲ್ಲಿ ಸಣ್ಣ ಲೇತಿನ ಮುಂದೆ ನಿಲ್ಲುವ ಮಂದಿಗಾಗಿ ಅದು ಹುಟ್ಟಿತು. ಅವರು ಮೇಜಿನ ಮೇಲೆ ನಿಲ್ಲುವಷ್ಟು ಸಣ್ಣ ಉಗಿಯಂತ್ರಗಳನ್ನು ಕಟ್ಟಿದರು. ನಿಜವಾಗಿ ಕಲ್ಲಿದ್ದಲು ಉರಿಸಿ, ಹಿಂದೆ ಕುಳಿತವನನ್ನು ಎಳೆದೊಯ್ಯುವ ಪುಟ್ಟ ರೈಲುಯಂತ್ರಗಳನ್ನು ಕಟ್ಟಿದರು. ಕಟ್ಟಿದವರು ಹೇಗೆ ಕಟ್ಟಿದೆವೆಂಬುದನ್ನು ಬರೆದರು, ಓದಿದವರು ತಪ್ಪು ತಿದ್ದಿದರು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್ನಿನ ಮೈಫರ್ಡ್ ಕಂಪನಿಯು ಇಂಥವರಿಗೆಂದೇ ಎಂಎಲ್7 ಎಂಬ ಲೇತನ್ನು ಹೊರತಂದಿತು. ಬೆಡ್ಡಿನಿಂದ ಕೇಂದ್ರದ ಎತ್ತರ ಮೂರೂವರೆ ಇಂಚು ಮಾತ್ರ. ಮಿಲ್ಲಿಂಗ್ ಯಂತ್ರ ಕೊಳ್ಳಲಾರದವರು ಅದೇ ಲೇತಿನ ಮೇಲೆ ಮೇಲೆ–ಕೆಳಗೆ ಸರಿಯುವ ಒಂದು ಸಣ್ಣ ಮೇಜನ್ನು ಕೂಡಿಸಿ, ಚಕ್ಕಿನಲ್ಲಿ ಕಟರನ್ನು ಹಿಡಿಸಿ, ಮಿಲ್ಲಿಂಗಿನ ಕೆಲಸವನ್ನೂ ಮಾಡಿಕೊಂಡರು. ಬೀಸ್ಟನ್ನಿನ ಆ ಕಾರ್ಖಾನೆಯು 2011ರಲ್ಲಿ ಮುಚ್ಚಿತು. ಅದರ ಲೇತುಗಳು ಮಾತ್ರ ಇನ್ನೂ ಮನೆಗಳಲ್ಲಿ ಓಡುತ್ತಿವೆ. ಅಮೆರಿಕದ ಮಿಸೂರಿಯ ಡೇವಿಡ್ ಗಿಂಜರಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇದ್ದಿಲಿನ ಕುಲುಮೆಯಲ್ಲಿ ಗುಜರಿ ಅಲ್ಯೂಮಿನಿಯಮನ್ನು ಕರಗಿಸಿ, ಮರಳಿನಲ್ಲಿ ಎರಕ ಹೊಯ್ದು, ಲೇತನ್ನೇ ಮನೆಯಲ್ಲಿ ಕಟ್ಟಿಕೊಳ್ಳುವ ವಿಧಾನವನ್ನು ಅವರು 1980ರ ದಶಕದಲ್ಲಿ ಪುಸ್ತಕಮಾಲೆಯಾಗಿ ಬರೆದರು. ಹಣವಿಲ್ಲದವನಿಗೂ ಈ ಹವ್ಯಾಸ ಸಲ್ಲುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಸಂಬಳಕ್ಕಾಗಿ ಮಾಡುವ ಕೆಲಸದಲ್ಲಿ ತಪ್ಪಿಗೆ ಬೆಲೆ ತೆರಬೇಕಾಗುತ್ತದೆ. ಆದುದರಿಂದ ಅಂಗಡಿಯ ಟರ್ನರನು ತಿಳಿದ ದಾರಿಯನ್ನೇ ಹಿಡಿಯುತ್ತಾನೆ. ಹವ್ಯಾಸಿಗೆ ಗ್ರಾಹಕನು ಕಾದಿರುವುದಿಲ್ಲ. ಅವನು ಒಂದು ತುಂಡನ್ನು ಹಾಳುಮಾಡಿ, ಏಕೆ ಹಾಳಾಯಿತೆಂದು ಒಂದು ವಾರ ಯೋಚಿಸಬಹುದು. ವಿದ್ಯಾರ್ಥಿಗೆ ಬೇಕಾದುದು ಈ ಬಿಡುವು. ಹವ್ಯಾಸ ಎಂಬ ಮಾತನ್ನು ನಾನು ಆರಿಸಿದ್ದು ಈ ಕಾರಣಕ್ಕೆ. ಉಳ್ಳವರ ಮಕ್ಕಳಿಗೆ ಆಟದಂತೆ ದೊರೆಯುವ ಕಲಿಕೆಯನ್ನು ಬಡವರ ಮಕ್ಕಳಿಗೆ ಮಾತ್ರ ಕೂಲಿಯ ತರಬೇತಿಯಾಗಿ ಕೊಡಬೇಕೆಂಬ ನಿಯಮವನ್ನು ಯಾರು ಮಾಡಿದರೋ ತಿಳಿಯದು.

ಲೇತಿನ ಮುಂದೆ ನಿಂತ ಹುಡುಗನು ಏನನ್ನು ಕಲಿಯುತ್ತಾನೆ? ಗಣಿತದ ಉಪಾಧ್ಯಾಯರಿಗಾಗಿ ಒಂದು ಉದಾಹರಣೆಯನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ. ಲೇತಿನ ಉದ್ದಕ್ಕೂ ಲೀಡ್ ಸ್ಕ್ರೂ ಎಂಬ ದಪ್ಪ ತಿರುಪು ಇರುತ್ತದೆ. ಅದು ತಿರುಗಿದಂತೆ ಹತ್ಯಾರ ಮುಂದೆ ಸಾಗುತ್ತದೆ. ಹಳೆಯ ಲೇತುಗಳಲ್ಲಿ ಹಲವಕ್ಕೆ ಈ ತಿರುಪು ಇಂಚಿಗೆ ನಾಲ್ಕು ಸುತ್ತಿನದು, ಎಂದರೆ ಒಂದು ಸುತ್ತಿಗೆ 6.35 ಮಿಲಿಮೀಟರು ನಡೆಯುವಂಥದು. ಇದರಲ್ಲಿ 2 ಮಿಲಿಮೀಟರು ಅಂತರದ ಥ್ರೆಡ್ಡನ್ನು ಕೊರೆಯಬೇಕಾದರೆ ಚಕ್ಕು ಒಂದು ಸುತ್ತು ತಿರುಗುವಾಗ ತಿರುಪು 2ನ್ನು 6.35ರಿಂದ ಭಾಗಿಸಿದಷ್ಟು ಮಾತ್ರ ತಿರುಗಬೇಕು. ಆ ಭಿನ್ನರಾಶಿಯನ್ನು ಪೂರ್ಣಾಂಕಗಳಿಗೆ ತಂದರೆ 127ರಲ್ಲಿ 40 ಎಂದಾಗುತ್ತದೆ. ಆದುದರಿಂದ ಮೇಲೆ 40 ಹಲ್ಲಿನ ಗೇರನ್ನೂ ಕೆಳಗೆ 127 ಹಲ್ಲಿನ ಗೇರನ್ನೂ ಹಾಕಬೇಕು. 127 ಏಕೆ, 125 ಏಕಾಗದು? ಒಂದು ಇಂಚಿಗೆ 25.4 ಮಿಲಿಮೀಟರು, 254 ಎಂದರೆ 127ರ ಎರಡರಷ್ಟು, 127 ಅವಿಭಾಜ್ಯ ಸಂಖ್ಯೆ, ಅದನ್ನು ಒಡೆದು ಸಣ್ಣ ಗೇರುಗಳಾಗಿ ಮಾಡಲು ಬರುವುದಿಲ್ಲ. ಅವಿಭಾಜ್ಯ ಸಂಖ್ಯೆಯಿಂದ ಏನು ಪ್ರಯೋಜನವೆಂದು ಕೇಳುವ ಹುಡುಗನ ಕೈಗೆ ಆ 127 ಹಲ್ಲಿನ ಚಕ್ರವನ್ನು ಕೊಟ್ಟುಬಿಡಬಹುದು. ಮಿಲ್ಲಿಂಗಿನಲ್ಲಿ ಗೇರಿನ ಹಲ್ಲುಗಳನ್ನು ಎಣಿಸಿ ಕೊರೆಯುವ ಡಿವೈಡಿಂಗ್ ಹೆಡ್ಡಿನಲ್ಲಿಯೂ ಇಂಥದೇ ಸೊಗಸಿದೆ. ಅದರ ಹಿಡಿಕೆ 40 ಸುತ್ತು ತಿರುಗಿದರೆ ವಸ್ತು ಒಂದು ಸುತ್ತು ತಿರುಗುತ್ತದೆ. 24 ಹಲ್ಲು ಬೇಕಾದರೆ ಪ್ರತಿ ಹಲ್ಲಿಗೆ ಒಂದು ಪೂರ್ತಿ ಸುತ್ತು, ಮೇಲೆ 18 ತೂತಿನ ವೃತ್ತದಲ್ಲಿ 12 ತೂತು. ಭಿನ್ನರಾಶಿಯಲ್ಲಿ ತಪ್ಪಿದರೆ ಕೊನೆಯ ಹಲ್ಲು ಅರ್ಧವಾಗಿ ಬರುತ್ತದೆ. ಅಂಕ ಕಳೆಯಲು ಉಪಾಧ್ಯಾಯರು ಬೇಕಾಗುವುದಿಲ್ಲ.

ಇತಿಹಾಸವೂ ಅಲ್ಲಿಯೇ ಇದೆ. ಲಂಡನ್ನಿನ ಬ್ರಾಮಾ ಎಂಬ ಬೀಗ ತಯಾರಕರ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್ಲೆಯವರು, ಕೇಳಿದಷ್ಟು ಸಂಬಳ ದೊರೆಯದ ಕಾರಣ 1797ರಲ್ಲಿ ಹೊರಬಂದು ತಮ್ಮದೇ ಸಣ್ಣ ಅಂಗಡಿಯನ್ನು ತೆರೆದರು. ಹತ್ಯಾರವನ್ನು ಕೈಯಲ್ಲಿ ಹಿಡಿಯದೆ ಗಟ್ಟಿಯಾದ ಜಾರುಪೀಠಕ್ಕೆ ಬಿಗಿದು, ಲೀಡ್ ಸ್ಕ್ರೂ ಮತ್ತು ಗೇರುಗಳಿಂದ ನಡೆಸುವ ಲೇತಿಗೆ ಅವರು ಕೊಟ್ಟ ರೂಪವೇ ಇಂದಿಗೂ ನಮ್ಮ ಅಂಗಡಿಗಳಲ್ಲಿದೆ. ಅವರ ಕಾರ್ಖಾನೆಯಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತರು 1841ರಲ್ಲಿ ತಿರುಪಿನ ಸುತ್ತುಗಳಿಗೆ ಒಂದು ಸಾಮಾನ್ಯ ಪ್ರಮಾಣವನ್ನು ಸೂಚಿಸಿದರು. ಅದಕ್ಕೆ ಮೊದಲು ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂಡುವ ಭರವಸೆ ಇರಲಿಲ್ಲ. ಭಾರತವು 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಗೆ ತಿರುಗಿದರೂ ನಮ್ಮ ಮನೆಯ ಅರ್ಧ ಇಂಚಿನ ನಲ್ಲಿಯ ಪೈಪಿನಲ್ಲಿ ವಿಟ್‌ವರ್ತರ 55 ಡಿಗ್ರಿಯ ಸುತ್ತುಗಳೇ ಇಂಚಿಗೆ 14ರಂತೆ ಕುಳಿತಿವೆ.

ಅದೇ ವಿಟ್‌ವರ್ತರು 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಮ್ಮೇಳನದಲ್ಲಿ ಚಪ್ಪಟೆಯಾದ ಲೋಹಫಲಕವನ್ನು ಮಾಡುವ ಬಗೆಯನ್ನು ವಿವರಿಸಿದರು. ಚಪ್ಪಟೆಯೆಂದು ತಿಳಿಯಲು ಇನ್ನೊಂದು ಚಪ್ಪಟೆ ಬೇಕಲ್ಲ. ಮೊದಲನೆಯದು ಎಲ್ಲಿಂದ ಬರಬೇಕು? ಎರಡು ಫಲಕಗಳನ್ನು ಒಂದಕ್ಕೊಂದು ಬಣ್ಣ ಸವರಿ ತಾಗಿಸಿ, ತಾಗಿದ ಉಬ್ಬುಗಳನ್ನು ಕೆರೆದು ಸರಿಪಡಿಸುತ್ತ ಹೋದರೆ ಅವೆರಡೂ ಹೊಂದಿಕೊಂಡಾವು. ಆದರೆ ಒಂದು ಉಬ್ಬಿ ಇನ್ನೊಂದು ತಗ್ಗಿಯೂ ಹೊಂದಿಕೊಳ್ಳಬಹುದು. ಮೂರನೆಯ ಫಲಕವನ್ನು ತಂದು, ಮೂರರಲ್ಲಿ ಯಾವ ಎರಡನ್ನು ಎದುರಿಟ್ಟರೂ ಹೊಂದುವವರೆಗೆ ಕೆರೆದರೆ ಮೂರೂ ಚಪ್ಪಟೆಯಾಗದೆ ಗತಿಯಿಲ್ಲ. ಇದನ್ನು ಎಂಟನೆಯ ತರಗತಿಯ ಹುಡುಗಿಗೆ ಹೇಳಿದರೆ ತಿಳಿಯುತ್ತದೆ. ಅವಳೇ ಕೆರೆದು ನೋಡಿದರೆ ಮರೆಯುವುದಿಲ್ಲ.

ಲೇತು ಈ ನಾಡಿಗೆ ಪರದೇಶಿಯೆಂದು ಯಾರಾದರೂ ಭಾವಿಸಿದರೆ ಅದೂ ಸರಿಯಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಯಂತ್ರನಕ್ಷೆಯ ಪಾಠ ಹೇಳುತ್ತಿದ್ದವರು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ನಡೆದರು. ಅವರ ಮನೆತನದ ಉದ್ಯಮವು 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಲೇತ್ ಕಾರ್ಖಾನೆಯನ್ನು ಸ್ಥಾಪಿಸಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ತಲೆಯೆತ್ತಿದ್ದು 1953ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಕಾರದಿಂದ. ಹರಿಹರದ ಕಾರ್ಖಾನೆ ಈಗ ಇಲ್ಲ. ಅಲ್ಲಿ ಎರಕವಾಗಿ ಹೊರಬಂದ ಲೇತುಗಳು ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಇನ್ನೂ ತಿರುಗುತ್ತಿವೆ. ಯಜಮಾನನು ವೃದ್ಧನಾಗಿ ಮಕ್ಕಳು ಬೇರೆ ಉದ್ಯೋಗ ಹಿಡಿದ ಕಡೆ ಅವು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ, ಅದೂ ತೂಕದ ಮೇಲೆ. ವರ್ಷಗಟ್ಟಲೆ ಸವೆಸಿ ಹದಗೊಂಡ ಬೀಡುಕಬ್ಬಿಣದ ಬೆಡ್ಡನ್ನು ಸುತ್ತಿಗೆಯಿಂದ ಒಡೆದು ಲಾರಿಗೆ ತುಂಬುವುದನ್ನು ನಾನು ನೋಡಿದ್ದೇನೆ. ದಾನಿಗಳಲ್ಲಿ ನನ್ನ ಆತುರಕ್ಕೆ ಇದೇ ಕಾರಣ. ಕೊಠಡಿಯನ್ನು ಹತ್ತು ವರ್ಷದ ಮೇಲೂ ಕಟ್ಟಿಸಬಹುದು.

ಈಗ ಆಕ್ಷೇಪಗಳು. ಗಣಕಯಂತ್ರದಿಂದ ನಡೆಯುವ ಸಿಎನ್‌ಸಿ ಲೇತುಗಳ ಕಾಲದಲ್ಲಿ ಕೈಲೇತು ಏಕೆ ಎಂಬುದು ಮೊದಲನೆಯದು. ಸಾವಿರ ಒಂದೇ ಬಗೆಯ ತುಂಡುಗಳನ್ನು ಮಾಡುವಲ್ಲಿ ಸಿಎನ್‌ಸಿಗೆ ಕೈಲೇತು ಸಾಟಿಯಲ್ಲ. ಇದರಲ್ಲಿ ವಾದವೇ ಇಲ್ಲ. ಉದ್ಯೋಗಕ್ಕೆ ಅದನ್ನು ಕಲಿಯಬೇಕಾದವರು 1972ರಿಂದ ನಡೆದುಬಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂಥ ಸಂಸ್ಥೆಗಳಿಗೆ ಹೋಗಿ ಕಲಿಯಲಿ. ಆದರೆ ಗಾಜಿನ ಬಾಗಿಲ ಆಚೆ ನಡೆಯುವ ಕೆಲಸವನ್ನು ಕಲಿಯುವವನ ಕೈ ಅರಿಯುವುದಿಲ್ಲ. ಹತ್ಯಾರ ಮೊಂಡಾದಾಗ ಹಿಡಿಕೆ ಭಾರವಾಗುವುದು, ಕಟ್ ಆಳವಾದಾಗ ಸದ್ದು ಬದಲಾಗುವುದು, ಸರಿಯಾದ ವೇಗದಲ್ಲಿ ಉಕ್ಕಿನ ಸುರುಳಿ ನೀಲಿಗೆ ತಿರುಗುವುದು, ಹಿತ್ತಾಳೆಯು ಸುರುಳಿಯಾಗದೆ ಪುಡಿಯಾಗಿ ಹಾರುವುದು: ಇವನ್ನು ಒಮ್ಮೆ ಬಲ್ಲವನು ಮುಂದೆ ಗಣಕಕ್ಕೆ ಆಜ್ಞೆ ಬರೆಯುವಾಗ ಮೂರ್ಖವಾದ ಅಂಕಿಯನ್ನು ಬರೆಯಲಾರನು. 2016ರಿಂದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ಹಲವು ಶಾಲೆಗಳಿಗೆ ಮೂರು ಆಯಾಮದ ಮುದ್ರಣಯಂತ್ರಗಳು ಬಂದಿವೆ, ಸಂತೋಷ. ಆ ಪ್ಲಾಸ್ಟಿಕ್ಕು ಹೇಳಿದಂತೆ ಕೇಳುತ್ತದೆ, ಉಕ್ಕು ಹಾಗಲ್ಲ.

ಅಪಾಯದ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಲೇತು ನಿರ್ದಯವಾದುದು. ಸಡಿಲ ತೋಳು, ಶಲ್ಯ, ದುಪಟ್ಟಾ, ಬಿಟ್ಟ ಜಡೆ, ಉಂಗುರ, ಕೈಗವಸು, ಇವುಗಳಲ್ಲಿ ಯಾವುದನ್ನೂ ಅದರ ಹತ್ತಿರ ಬಿಡಕೂಡದು. ಕೈಗವಸು ರಕ್ಷಣೆಯೆಂದು ಹೊರಗಿನವರು ಭಾವಿಸುತ್ತಾರೆ. ತಿರುಗುವ ಚಕ್ಕಿಗೆ ಅದು ಸಿಕ್ಕಿದರೆ ಬೆರಳನ್ನು ಒಳಗೆಳೆಯುತ್ತದೆ. ಚಕ್ಕಿನ ಕೀಲಿಯನ್ನು ಅದರಲ್ಲಿಯೇ ಬಿಟ್ಟು ಯಂತ್ರವನ್ನು ಚಾಲೂ ಮಾಡಿದರೆ ಅದು ಕಲ್ಲಿನಂತೆ ಹಾರುತ್ತದೆ. ಸುರುಳಿಗಳನ್ನು ಕೊಕ್ಕೆಯಿಂದ ತೆಗೆಯಬೇಕು, ಬೆರಳಿನಿಂದ ಅಲ್ಲ. ಕಣ್ಣಿಗೆ ಕನ್ನಡಕ ಕಡ್ಡಾಯ. ಒಂದು ಸಲಕ್ಕೆ ನಾಲ್ವರಿಗಿಂತ ಹೆಚ್ಚು ಮಕ್ಕಳು ಕೂಡದು. ಕಲಿಸುವವರು ಸ್ವಿಚ್ಚಿನ ಬಳಿಯಿಂದ ಕದಲಬಾರದು. ಇಷ್ಟನ್ನು ಪಾಲಿಸಲಾರದ ಶಾಲೆಯು ಲೇತನ್ನು ತರಲೇಬಾರದು. ಜಡೆಯ ಮಾತು ಬಂದುದರಿಂದ ಹೇಳಿಬಿಡುತ್ತೇನೆ: ಹೆಣ್ಣುಮಕ್ಕಳಿಗೆ ಜಡೆ ಕಟ್ಟಿಕೊಳ್ಳಲು ಹೇಳಬೇಕೇ ಹೊರತು ಹೊರಗೆ ನಿಲ್ಲಲು ಹೇಳಬಾರದು.

ಮೂರನೆಯ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡುವುದು: ತಂದಿಟ್ಟರೆ ಉಪಯೋಗಿಸುವವರು ಯಾರು? ಮುದಲಿಯಾರ್ ಆಯೋಗವು 1952–53ರಲ್ಲಿಯೇ ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತ್ತು. ಆ ಉತ್ಸಾಹದಲ್ಲಿ ದೇಶದ ಕೆಲವು ಶಾಲೆಗಳಿಗೆ ಯಂತ್ರಗಳೂ ಬಂದವು. ನಾನು ಕಂಡ ಒಂದು ವಿದ್ಯಾಸಂಸ್ಥೆಯಲ್ಲಿ, ಹೆಸರು ಬೇಡ, ದಾನವಾಗಿ ಬಂದ ಒಳ್ಳೆಯ ಲೇತೊಂದು ಬೀಗ ಹಾಕಿದ ಕೋಣೆಯಲ್ಲಿ ಇತ್ತು. ಆಯುಧಪೂಜೆಯ ದಿನ ಬಾಗಿಲು ತೆರೆದು, ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಮತ್ತೆ ಬೀಗ ಹಾಕುತ್ತಿದ್ದರು. ಹತ್ತು ಹನ್ನೆರಡು ಪೂಜೆಗಳಾದ ಮೇಲೆ ಮಳೆಯ ನೀರು ಸೋರಿ ಬೆಡ್ಡು ತುಕ್ಕು ಹಿಡಿಯಿತು. ಆಮೇಲೆ ಅದು ಹೋದ ದಾರಿಯನ್ನು ಮೇಲೆ ಹೇಳಿಯಾಗಿದೆ. ಅದನ್ನು ನಡೆಸಲು ಪದವಿ ಪಡೆದ ಉಪಾಧ್ಯಾಯರೇ ಬೇಕೆಂದು ಕಾದದ್ದು ಆ ಸಂಸ್ಥೆಯ ಕಷ್ಟಕ್ಕೆ ಮೂಲ. ಅದೇ ಬೀದಿಯ ತುದಿಯಲ್ಲಿ ನಲವತ್ತು ವರ್ಷ ಲೇತಿನ ಮುಂದೆ ನಿಂತ ಟರ್ನರನು ಇದ್ದನು. ಅವನನ್ನು ಯಾರೂ ಕರೆಯಲಿಲ್ಲ. ಅವನ ಬಳಿ ಪ್ರಮಾಣಪತ್ರವಿರಲಿಲ್ಲ.

ಆದುದರಿಂದ ದಾನಿಗಳಲ್ಲಿ ನನ್ನ ಬಿನ್ನಹವು ಯಂತ್ರಕ್ಕೆ ಮಾತ್ರ ಸೀಮಿತವಲ್ಲ. ಯಂತ್ರದ ಬೆಲೆಯಷ್ಟನ್ನೇ ನಿಧಿಯಾಗಿ ಇರಿಸಿ, ಅದರ ಬಡ್ಡಿಯಿಂದ ಊರಿನ ಒಬ್ಬ ಹಿರಿಯ ಟರ್ನರನಿಗೆ ವಾರಕ್ಕೆ ಎರಡು ಸಂಜೆಯ ಗೌರವಧನವನ್ನು ಕೊಡುವ ವ್ಯವಸ್ಥೆಯಾಗಬೇಕು. ಅವರನ್ನು ಮಕ್ಕಳು ‘ಗುರುಗಳೇ’ ಎಂದೇ ಕರೆಯಬೇಕು. ಉಪಾಧ್ಯಾಯರ ಕೊಠಡಿಯಲ್ಲಿ ಅವರಿಗೊಂದು ಕುರ್ಚಿ ಇರಬೇಕು. ಒಬ್ಬ ವಿಜ್ಞಾನದ ಉಪಾಧ್ಯಾಯರು ಜೊತೆಗಿದ್ದು, ಗುರುಗಳು ಹೇಳಿದುದನ್ನು ಕನ್ನಡದಲ್ಲಿ ಬರೆದಿಡಲಿ. ಈ ವಾರ್ಷಿಕ ಸಂಪುಟದಲ್ಲಿಯೇ ಪ್ರತಿ ವರ್ಷ ಅದಕ್ಕೆ ನಾಲ್ಕು ಪುಟ ದೊರೆತರೆ ಸಾಕು.

ಕೊಳ್ಳುವ ಬಗ್ಗೆ ಕೆಲವು ವ್ಯಾವಹಾರಿಕ ಮಾತುಗಳು. ಬಣ್ಣ ಹೊಡೆದ ಲೇತನ್ನು ನೋಡಿ ಮರುಳಾಗಬಾರದು. ಹೊಸ ಬಣ್ಣವಿದ್ದಲ್ಲಿ ಹೆಚ್ಚು ಅನುಮಾನವೇ ಇರಲಿ. ಬೆಡ್ಡು ಹೆಚ್ಚು ಸವೆಯುವುದು ಚಕ್ಕಿನ ಹತ್ತಿರ, ಏಕೆಂದರೆ ಕೆಲಸವೆಲ್ಲ ನಡೆಯುವುದು ಅಲ್ಲಿ. ಕ್ಯಾರೇಜನ್ನು ಚಕ್ಕಿನ ಬಳಿ ತಂದು ಅಲುಗದಂತೆ ಬಿಗಿಮಾಡಿ, ಬಳಿಕ ದೂರದ ತುದಿಗೆ ಸರಿಸಿ ನೋಡಬೇಕು. ಅಲ್ಲಿ ಬಿಗಿಯಾಗಿ ನಿಂತುಬಿಟ್ಟರೆ ಬೆಡ್ಡು ಸವೆದಿದೆಯೆಂದರ್ಥ. ತುಸು ಸವೆತ ನಮಗೆ ಬಾಧಕವಲ್ಲ. ಹಿಡಿಕೆ ತಿರುಗಿಸುವಾಗ ಕಾಣುವ ಸಡಿಲಕ್ಕೂ ಹೆದರಬೇಕಾಗಿಲ್ಲ. ಒಂದೇ ಕಡೆಯಿಂದ ಒತ್ತಿ ಅಳತೆ ಹಿಡಿಯುವುದನ್ನು ಮಕ್ಕಳು ಮೊದಲ ವಾರವೇ ಕಲಿಯುತ್ತಾರೆ. ಮುರಿದ ಗೇರಿನ ಹಲ್ಲು ಮತ್ತು ಗಡಗಡಿಸುವ ಹೆಡ್‌ಸ್ಟಾಕ್ ಬೇರಿಂಗ್ ಮಾತ್ರ ಕೂಡದು. ನಾಲ್ಕೂವರೆ ಅಡಿಯ ಲೇತು ಸಾಕು. ಅದಕ್ಕೆ ಒಂದು ಫೇಸಿನಲ್ಲಿ ಓಡುವ ಮೋಟಾರನ್ನು ಕೂಡಿಸಿದರೆ ಶಾಲೆಯ ವಿದ್ಯುತ್ತಿನಲ್ಲಿಯೇ ನಡೆಯುತ್ತದೆ. ಮಿಲ್ಲಿಂಗ್ ಯಂತ್ರವನ್ನು ಮೊದಲ ಎರಡು ವರ್ಷ ಕೊಳ್ಳುವುದೇ ಬೇಡ. ಬದಲಿಗೆ ಒಳ್ಳೆಯ ವರ್ನಿಯರ್, ಒಂದು ಮೈಕ್ರೋಮೀಟರು, ಒಂದು ಡಯಲ್ ಗೇಜು ಇರಲಿ. ಇವನ್ನು ಹೊಸದಾಗಿಯೇ ಕೊಳ್ಳಬೇಕು.

ಹಳೆಯ ಲೇತು ಬರುವಾಗ ಸಾಮಾನ್ಯವಾಗಿ ಒಂದೆರಡು ಹಿಡಿಕೆಗಳು ಕಳೆದುಹೋಗಿರುತ್ತವೆ. ಆ ಜಾಗದಲ್ಲಿ ಸ್ಪ್ಯಾನರನ್ನೋ ಒಂದು ಬೋಲ್ಟನ್ನೋ ಸಿಕ್ಕಿಸಿ ಅಂಗಡಿಯವರು ವರ್ಷಗಟ್ಟಲೆ ಕೆಲಸ ಸಾಗಿಸಿರುತ್ತಾರೆ. ಅವನ್ನು ಪೇಟೆಯಿಂದ ತರಿಸದೆ ಹಾಗೆಯೇ ಬಿಟ್ಟಿರಬೇಕು. ಮೊದಲ ತಂಡದ ನಾಲ್ವರು ಮಕ್ಕಳು ಒಂದು ಉಕ್ಕಿನ ಸರಳನ್ನು ಚಕ್ಕಿಗೆ ಹಿಡಿಸಿ, ಆ ಹಿಡಿಕೆಗಳನ್ನು ಅದೇ ಲೇತಿನಲ್ಲಿ ಕಡೆದು ಅದಕ್ಕೇ ತೊಡಿಸಲಿ.